ಕೊಡೆ ಕಾಣೆಯಾದರೆ ಎಂತ ಮಾಡುದು?

ಪ್ರಶ್ನೆ: ಉಡುಪಿ ಹತ್ತಿರದ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಲೆಕ್ಕದಲ್ಲಿ ಜೋರು. ಆದರೆ ಕೊಡೆ ಸಿಗದಿದ್ದರೂ, ಬಸ್ ತಪ್ಪಿದರೂ 'ಟೀಚರ್, ಎಂತ ಮಾಡುದು?' ಅಂತ ನನ್ನ ಬಳಿಯೇ ಬರುತ್ತಾರೆ. ಸಮಸ್ಯೆ ಬಿಡಿಸುವ ಹಂತಗಳ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದೆ. ಬಾಯಿಪಾಠವೂ ಮಾಡಿದರು. ಪ್ರಯೋಜನ ಆಗಲಿಲ್ಲ.
- ಒಬ್ಬ ಶಿಕ್ಷಕಿ, ಉಡುಪಿ

ಉತ್ತರ: ಬಾಯಿಪಾಠ ಮಾಡಿದರು ಅಂದಿರಲ್ಲ ಟೀಚರೇ, ಎಡವಟ್ಟಾದದ್ದು ಅಲ್ಲೇ. ಆ ಹಂತಗಳು ಹೊಸತೇನಲ್ಲ. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲೇ ಬರೆದಿದ್ದಾರೆ: ಪ್ರಶ್ನೆ ಏನೆಂದು ಅರ್ಥ ಮಾಡಿಕೋ, ದಾರಿ ಯೋಚಿಸು, ಮಾಡಿ ನೋಡು, ಆಮೇಲೆ ಹಿಂತಿರುಗಿ ನೋಡು. ಅವರು ಹೇಳಿದ್ದು ಲೆಕ್ಕಕ್ಕೆ. ಕೊಡೆಗೂ ಆಗುತ್ತದೆ.

ಚಾರ್ಟ್ ತೆಗೆದಿಡಿ, ಕೊಡೆಯನ್ನೇ ಹಿಡಿಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಯಾವ ಶಾಲೆಯ ಜಗಲಿ ನೋಡಿದರೂ ಕರಿ ಕೊಡೆಗಳ ರಾಶಿ, ಒಂದರ ಹಾಗೇ ಇನ್ನೊಂದು. 'ನನ್ನ ಕೊಡೆ ಯಾರೋ ಕದ್ದಿದ್ದಾರೆ' ಅಂತ ಮಗು ಬಂದರೆ ತಕ್ಷಣ ಉಪಾಯ ಹೇಳಬೇಡಿ (ಕಷ್ಟ, ಗೊತ್ತು). ಕದ್ದದ್ದಾ, ಅದಲುಬದಲಾದದ್ದಾ? ಬದಲಾದರೆ ಇನ್ನೊಬ್ಬರದ್ದು ರಾಶಿಯಲ್ಲಿ ಉಳಿದಿರಬೇಕಲ್ವಾ? ಇಷ್ಟು ಕೇಳಿ ಸುಮ್ನೆ ಕೂತುಬಿಡಿ. ಒಂದು ವಾರ ಅವರೇ ಬರೆದಿಡಲಿ, ಯಾರದ್ದು, ಯಾವತ್ತು, ಎಷ್ಟು ಹೊತ್ತಿಗೆ ಅಂತ. ನಾನು ಪಾಠ ಮಾಡುತ್ತಿದ್ದಾಗ ಹೀಗೆ ಬರೆಸಿದ್ದೆ. ಹೆಚ್ಚಿನವು ಹೋದದ್ದು ಸಂಜೆ ಬೆಲ್ ಹೊಡೆದ ಮೇಲೆ, ಬಸ್ಸಿನ ಹಾರ್ನ್ ಕೇಳಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡುವ ಐದು ನಿಮಿಷದಲ್ಲಿ. ಕಳ್ಳರು ಯಾರೂ ಇರಲಿಲ್ಲ.

ಮುಂದಿನದ್ದು ಮಕ್ಕಳೇ ಮಾಡಿದರು. ಒಬ್ಬ ಪೆನ್ನಿನಲ್ಲಿ ಹೆಸರು ಬರೆದ, ಮಳೆಗೆ ತೊಳೆದುಹೋಯಿತು. ಇನ್ನೊಬ್ಬಳು ಹಿಡಿಗೆ ಕೆಂಪು ನೂಲು ಕಟ್ಟಿದಳು. ಅವಳನ್ನು ನೋಡಿ ಎಲ್ಲರೂ ಕೆಂಪೇ ಕಟ್ಟಿ, ಮತ್ತೆ ಅದೇ ಕಥೆ! ಇಂಥ ಫಜೀತಿ ಆದರೆ ಬೈಯಬೇಡಿ. 'ಯಾಕೆ ಆಗಲಿಲ್ಲ?' ಅಂತ ಮತ್ತೆ ಕೂತು ನೋಡುವ ಆ ಕೊನೆಯ ಹಂತವನ್ನೇ ನಾವು ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಜಾಸ್ತಿ ಬಿಟ್ಟುಬಿಡುವುದು. ಕೊನೆಗೆ ಬಸ್ಸಿಗೆ ಓಡುವವರ ಕೊಡೆಗಳನ್ನು ಬಾಗಿಲ ಹತ್ತಿರ ಬೇರೆ ಮೊಳೆಗಳಿಗೆ ತೂಗುಹಾಕಿದರು. ಅದು ನಡೆಯಿತು.

ಬಸ್ ತಪ್ಪುವ ವಿಷಯಕ್ಕೆ ಈಗಲೇ ಕೈ ಹಾಕಬೇಡಿ. ಮೊದಲು ಕೊಡೆ, ಹದಿನೈದು ದಿನ. ಮತ್ತೆ, ಯಾರಾದರೂ ಬಿದ್ದು ರಕ್ತ ಬಂದರೆ ಹಂತ-ಗಿಂತ ಏನೂ ಬೇಡ, ನೇರ ನಿಮ್ಮ ಬಳಿಗೇ ಓಡಿ ಬರಲಿ.