‘ಬೇಕು’ ಒಂದೇ, ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ: ಮೇಡಂ, ಬಿ.ಕಾಂ. ಮುಗಿಸಿ ಲೆಕ್ಕಪತ್ರದ ಕಂಪನಿಯೊಂದಕ್ಕೆ ಸೇರಿ ಎಂಟು ತಿಂಗಳಾಯಿತು. ಗ್ರಾಹಕರೆಲ್ಲ ಹೊರದೇಶದವರು. ಹೋದ ವಾರ ಒಬ್ಬರಿಗೆ ‘ಪ್ಲೀಸ್, ಯೂ ಮಸ್ಟ್ ಸೆಂಡ್ ದಿ ಇನ್‌ವಾಯ್ಸಸ್ ಬೈ ಫ್ರೈಡೇ’ ಎಂದು ಮೇಲ್ ಹಾಕಿದೆ. ಅವರು ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ, ನಿಮ್ಮ ಹುಡುಗ ಒರಟಾಗಿ ಬರೆಯುತ್ತಾನೆ ಅಂದರಂತೆ. ನಾನು ಬರೆದದ್ದು ‘ಕಳಿಸಬೇಕು’ ಅಂತ ಅಷ್ಟೇ. ಮಸ್ಟ್, ಹ್ಯಾವ್ ಟು, ನೀಡ್ ಟು, ಶುಡ್ ಎಲ್ಲಕ್ಕೂ ಕನ್ನಡದಲ್ಲಿ ‘ಬೇಕು’ ಎಂದೇ ಕಲಿತಿದ್ದೇನೆ. ಯಾವುದು ಎಲ್ಲಿ ಅಂತ ಹೇಗೆ ತಿಳಿಯುವುದು?
– ಓದುಗರು, ದಾವಣಗೆರೆ

ಉತ್ತರ: ನೀವು ಒರಟಾಗಿ ಯೋಚಿಸಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಯೋಚಿಸಿದಿರಿ, ಅಷ್ಟೇ.

ಮನೆಯಲ್ಲಿ ಯಾವುದಾದರೂ ಮದುವೆ ಕರೆಯೋಲೆ ಇದ್ದರೆ ತೆಗೆದು ನೋಡಿ. ಕೊನೆಗೆ ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ’ ಎಂದಿರುತ್ತದೆ. ಅಲ್ಲೂ ‘ಬೇಕು’ ಇದೆ, ಆದರೆ ಅದನ್ನು ಓದಿ ಯಾರಿಗೂ ಅಪ್ಪಣೆ ಬಂದ ಹಾಗೆ ಅನ್ನಿಸುವುದಿಲ್ಲ. ಶಾಲೆಯಲ್ಲಿ ಬರೆದ ರಜಾ ಅರ್ಜಿಯೂ ಹಾಗೇ: ‘ಎರಡು ದಿನ ರಜೆ ನೀಡಬೇಕೆಂದು ಕೋರುತ್ತೇನೆ’. ನಮ್ಮ ‘ಬೇಕು’ ತನ್ನಷ್ಟಕ್ಕೆ ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಸುತ್ತ ಇರುವ ‘ತಾವು’, ‘ದಯವಿಟ್ಟು’, ‘ವಿನಂತಿ’, ಮತ್ತು ಹೇಳುವ ದನಿ, ಇವು ಅದಕ್ಕೆ ತೂಕ ಕೊಡುತ್ತವೆ. ಇಂಗ್ಲಿಷಿನಲ್ಲಿ ಆ ತೂಕ ಕ್ರಿಯಾಪದದ ಒಳಗೇ ಕೂತಿದೆ. ಹಾಗಾಗಿ ಮಸ್ಟ್ ಎಂದಮೇಲೆ ಮುಂದೆ ಎಷ್ಟು ಪ್ಲೀಸ್ ಸೇರಿಸಿದರೂ ಅದು ಮಸ್ಟ್ ಆಗಿಯೇ ಉಳಿಯುತ್ತದೆ. ನಿಮ್ಮ ಮೇಲ್‌ನಲ್ಲಿ ಆದದ್ದು ಇದೇ.

ನಾನು ಪಾಠ ಹೇಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಒತ್ತಾಯ ಎಲ್ಲಿಂದ ಬರುತ್ತಿದೆ? ಹೇಳುವವರ ಬಾಯಿಂದಲೇ ಬಂದರೆ ಮಸ್ಟ್. ಹೊರಗಿನ ನಿಯಮದಿಂದಲೋ ಪರಿಸ್ಥಿತಿಯಿಂದಲೋ ಬಂದರೆ ಹ್ಯಾವ್ ಟು. ‘ಐ ಹ್ಯಾವ್ ಟು ಲೀವ್ ನೌ’ ಅಂದರೆ ಬಸ್ಸು ಹೊರಡುತ್ತದೆ, ನಾನೇನು ಮಾಡಲಿ ಎಂಬ ಭಾವ. ಕೆಲಸ ಆಗಲು ಇದಿಲ್ಲದೆ ನಡೆಯದು ಅನ್ನುವಾಗ ನೀಡ್. ಮಾಡಿದರೆ ಒಳ್ಳೆಯದು, ಮಾಡದಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ ಅನ್ನುವ ಸಲಹೆಗೆ ಶುಡ್. ಇವುಗಳ ನಡುವೆ ಗೋಡೆ ಇಲ್ಲ. ಈಗ ಮಾತಿನಲ್ಲಿ ಮಸ್ಟ್ ಕಡಿಮೆಯಾಗಿ ಹ್ಯಾವ್ ಟು, ನೀಡ್ ಟು ಜಾಸ್ತಿಯಾಗಿವೆ. ಅದಕ್ಕೇ ಮೇಲ್‌ನಲ್ಲಿ ಮಸ್ಟ್ ಬಂದರೆ ಇನ್ನಷ್ಟು ಗಟ್ಟಿಯಾಗಿ ಕೇಳುತ್ತದೆ.

ಆದರೆ ಅದೇ ಮಸ್ಟ್ ಊಟದ ಮನೆಯಲ್ಲಿ ಬಹಳ ಪ್ರೀತಿಯ ಪದ. ‘ಯೂ ಮಸ್ಟ್ ಟ್ರೈ ದಿಸ್ ಒಬ್ಬಟ್ಟು’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ, ಅಲ್ವಾ? ಯಾಕೆಂದರೆ ಲಾಭ ತಿನ್ನುವವರಿಗೆ. ಇನ್‌ವಾಯ್ಸ್ ಕಳಿಸಿದರೆ ಲಾಭ, ಅವರ ಕಣ್ಣಿಗೆ, ನಿಮಗೆ. ಕೇಳುವವರಿಗೆ ಒಳ್ಳೆಯದಾಗುವ ಕಡೆ ಮಸ್ಟ್ ಉಪಚಾರ, ನಮಗೆ ಕೆಲಸ ಆಗಬೇಕಾದ ಕಡೆ ಅದೇ ಅಪ್ಪಣೆ.

ನಿಮ್ಮ ಮೇಲ್ ಅನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಕುಡ್ ಯೂ ಪ್ಲೀಸ್ ಸೆಂಡ್ ಅಸ್ ದಿ ಇನ್‌ವಾಯ್ಸಸ್ ಬೈ ಫ್ರೈಡೇ? ವಿ ನೀಡ್ ದೆಮ್ ಟು ಫೈಲ್ ಯುವರ್ ರಿಟರ್ನ್ ಆನ್ ಟೈಮ್.’ ಶುಕ್ರವಾರ ಶುಕ್ರವಾರವೇ, ಒಂದು ದಿನವೂ ಸಡಿಲವಾಗಿಲ್ಲ. ಬದಲಾದದ್ದು ಇಷ್ಟು: ‘ನೀವು ಮಾಡಲೇಬೇಕು’ ಇದ್ದದ್ದು ‘ನಮಗೆ ಬೇಕಾಗಿದೆ’ ಆಯಿತು, ಯಾಕೆ ಬೇಕು ಅಂತಲೂ ಬಂತು. ‘ಯೂ ಹ್ಯಾಡ್ ಬೆಟರ್ ಸೆಂಡ್’ ಅಂತ ಮಾತ್ರ ಬರೆಯಬೇಡಿ. ಬೆಟರ್ ಇದೆಯಲ್ಲ, ‘ಕಳಿಸಿದರೆ ಒಳ್ಳೆಯದು’ ಅಂತ ನಯವಾಗಿರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅದರಲ್ಲಿ ‘ಇಲ್ಲದಿದ್ದರೆ ನೋಡಿಕೊಳ್ಳಿ’ ಅನ್ನುವ ಬೆದರಿಕೆ ಅಡಗಿದೆ.

‘ಇಲ್ಲ’ ಸೇರಿದಾಗ ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ. ‘ಬಾರದು’ ಅಂದರೆ ಮಸ್ಟ್ ನಾಟ್, ‘ಬೇಕಾಗಿಲ್ಲ’ ಅಂದರೆ ಡೋಂಟ್ ಹ್ಯಾವ್ ಟು. ಕೆಲವು ಆಂಟಿಬಯೋಟಿಕ್ ಮಾತ್ರೆಗಳನ್ನು ಹಾಲಿನ ಜೊತೆ ತೆಗೆದುಕೊಳ್ಳಬಾರದು, ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟು ಮೈಗೆ ಸೇರದ ಹಾಗೆ ಮಾಡುತ್ತದೆ. ಅಲ್ಲಿ ‘ಯೂ ಡೋಂಟ್ ಹ್ಯಾವ್ ಟು ಟೇಕ್ ಇಟ್ ವಿತ್ ಮಿಲ್ಕ್’ ಅಂದರೆ ‘ಹಾಲು ಬೇಕೆಂದೇನಿಲ್ಲ, ಇದ್ದರೂ ಸರಿ’ ಎಂದಾಗುತ್ತದೆ. ಒಂದು ಪದ ತಪ್ಪಿದರೆ ಮಾತ್ರೆಯೇ ದಂಡ.

ಭೂತಕಾಲದಲ್ಲೂ ಹೀಗೇ. ‘ಹೋಗಬೇಕಾಯಿತು’, ಅಂದರೆ ಹೋದೆ: ಐ ಹ್ಯಾಡ್ ಟು ಗೋ. ‘ಹೋಗಬೇಕಿತ್ತು’, ಆದರೆ ಹೋಗಲಿಲ್ಲ: ಐ ಶುಡ್ ಹ್ಯಾವ್ ಗಾನ್. ‘ಅವನು ಹೋಗಿರಬೇಕು’ ಬರೀ ಊಹೆ: ಹಿ ಮಸ್ಟ್ ಹ್ಯಾವ್ ಗಾನ್. ಊಹೆಗೆ ನಾವೂ ‘ಬೇಕು’ ಬಳಸುತ್ತೇವೆ, ಅವರೂ ಮಸ್ಟ್ ಬಳಸುತ್ತಾರೆ! ಈ ಮೂರು ಕನ್ನಡ ರೂಪಗಳನ್ನು ನಾವು ಎಂದೂ ಅದಲು ಬದಲು ಮಾಡುವುದಿಲ್ಲ. ಆ ತಿಳಿವಳಿಕೆ ನಿಮ್ಮಲ್ಲಿ ಆಗಲೇ ಇದೆ. ಬರೆಯುವ ಮೊದಲು ಮನಸ್ಸಿನಲ್ಲಿ ಕನ್ನಡದ ಪೂರ್ತಿ ರೂಪ ಹೇಳಿಕೊಳ್ಳಿ, ಬರೀ ‘ಬೇಕು’ ಅಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಂಪಾರ್ಟೆಂಟ್, ನೆಸೆಸರಿ, ಎಸೆನ್ಷಿಯಲ್, ವೈಟಲ್, ಕ್ರೂಶಿಯಲ್ ಎಲ್ಲ ಒಂದೇ ಅಲ್ಲವೇ? ಪ್ರಬಂಧದಲ್ಲಿ ಒಂದರ ಬದಲು ಇನ್ನೊಂದು ಹಾಕಿದರೆ ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ನಡೆಯುವುದಿಲ್ಲ. ನೀವು ದಿನವೂ ನೋಡುವ ನೌಕರಿ ಅಧಿಸೂಚನೆಯನ್ನೇ ತೆಗೆದುಕೊಳ್ಳಿ. ಎಸೆನ್ಷಿಯಲ್ ಅರ್ಹತೆ ಬೇರೆ, ಡಿಸೈರಬಲ್ ಅರ್ಹತೆ ಬೇರೆ ಕಾಲಂ. ಮೊದಲನೆಯದು ಇಲ್ಲದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ, ಎರಡನೆಯದು ಇದ್ದರೆ ಒಳ್ಳೆಯದು. ಆಸ್ಪತ್ರೆಯ ಔಷಧ ಉಗ್ರಾಣಗಳಲ್ಲಿ ಇದಕ್ಕೂ ಮೇಲೆ ಒಂದು ಮೆಟ್ಟಿಲಿದೆ. ಅಲ್ಲಿ ದಾಸ್ತಾನನ್ನು ವಿ.ಇ.ಡಿ. ಎಂದು ಮೂರಾಗಿ ವಿಂಗಡಿಸುತ್ತಾರೆ: ವೈಟಲ್, ಎಸೆನ್ಷಿಯಲ್, ಡಿಸೈರಬಲ್. ಖಾಲಿಯಾದರೆ ಜೀವಕ್ಕೇ ಕುತ್ತು ಬರುವಂಥದ್ದು ವೈಟಲ್. ಆ ಪದ ಬಂದದ್ದೇ ಜೀವ ಎನ್ನುವ ಅರ್ಥದ ಲ್ಯಾಟಿನ್ ಪದದಿಂದ. ನಾಡಿ, ಉಸಿರು, ಜ್ವರ, ಬಿ.ಪಿ. ನೋಡುವುದನ್ನು ನರ್ಸ್‌ಗಳು ‘ವೈಟಲ್ಸ್’ ಅನ್ನುತ್ತಾರಲ್ಲ, ಅದೇ.

ಕ್ರೂಶಿಯಲ್ ನನಗೆ ತುಂಬ ಇಷ್ಟದ ಪದ. ಅದರ ಬೇರು ಶಿಲುಬೆ ಎನ್ನುವ ಅರ್ಥದ ಲ್ಯಾಟಿನ್ ಪದ. 1620ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಎರಡು ವಾದಗಳಲ್ಲಿ ಒಂದನ್ನು ಆರಿಸಿಕೊಡುವ ಪುರಾವೆಯನ್ನು ದಾರಿ ಕವಲಾಗುವಲ್ಲಿ ನೆಟ್ಟ ಶಿಲುಬೆಯಾಕಾರದ ಕಂಬಕ್ಕೆ ಹೋಲಿಸಿದ. ನಮ್ಮಲ್ಲಿ ಅದಕ್ಕೆ ಕೈಮರ ಅಂತೀವಿ, ಚಿಕ್ಕಮಗಳೂರಿನ ಹತ್ತಿರ ಆ ಹೆಸರಿನ ಜಾಗವೇ ಇದೆ. ಹಾಗಾಗಿ ಮುಂದೆ ಯಾವ ಕಡೆ ಹೋಗುತ್ತದೆ ಎಂದು ತೀರ್ಮಾನವಾಗುವ ಕಡೆ ಮಾತ್ರ ಕ್ರೂಶಿಯಲ್ ಹಾಕಿ. ಕೊನೆಯ ಓವರ್ ಕ್ರೂಶಿಯಲ್. ಅನ್ನಕ್ಕೆ ಉಪ್ಪು ನೆಸೆಸರಿ, ಕ್ರೂಶಿಯಲ್ ಅಲ್ಲ. ಇಂಪಾರ್ಟೆಂಟ್ ಎಲ್ಲ ಕಡೆ ಹೊಂದುತ್ತದೆ, ಅದಕ್ಕೇ ಅದರಲ್ಲಿ ಬಿರುಸು ಉಳಿದಿಲ್ಲ.

ಪರೀಕ್ಷೆಗೆ ಇನ್ನೊಂದು ಮಾತು. ‘ವೆರಿ ಎಸೆನ್ಷಿಯಲ್’ ಅನ್ನುವುದಕ್ಕಿಂತ ‘ಅಬ್ಸಲ್ಯೂಟ್ಲಿ ಎಸೆನ್ಷಿಯಲ್’ ಸಹಜ. ‘ಇಟ್ ಈಸ್ ಎಸೆನ್ಷಿಯಲ್ ದಟ್’ ಆದಮೇಲೆ ‘ಹಿ ಬಿ ಪ್ರೆಸೆಂಟ್’ ಎಂದು ಬರೆಯುವುದು ಔಪಚಾರಿಕ ಬರವಣಿಗೆಯ ರೂಢಿ. ಈ ‘ಬಿ’ ಅಚ್ಚಿನ ತಪ್ಪಲ್ಲ, ಗಾಬರಿಯಾಗಬೇಡಿ.

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ ನಾನು. ನಿಯಮಗಳಲ್ಲಿ ಎಲ್ಲಿ ನೋಡಿದರೂ ಶಾಲ್. ಅದು ಮಸ್ಟ್‌ಗೆ ಸಮವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಹೌದು, ಕಡ್ಡಾಯ ಎಂದೇ ಅರ್ಥ. ಆದರೆ ಶಾಲ್‌ನ ಪಕ್ಕದಲ್ಲಿ ಯಾವ ಪದ ನಿಂತಿದೆ ಅಂತ ಬಿಡದೆ ನೋಡಿ. ಸಂವಿಧಾನದ 45ನೇ ವಿಧಿಯ ಮೊದಲ ರೂಪದಲ್ಲಿ, ಹದಿನಾಲ್ಕು ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಸರ್ಕಾರ ‘ಶಾಲ್ ಎಂಡೆವರ್ ಟು ಪ್ರೊವೈಡ್’ ಎಂದಿತ್ತು. ಒದಗಿಸಲು ಪ್ರಯತ್ನ ಮಾಡತಕ್ಕದ್ದು, ಅದೂ ಹತ್ತು ವರ್ಷದೊಳಗೆ. ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಜಾರಿ ಮಾಡಿಸುವಂಥದ್ದಲ್ಲ. 2002ರ 86ನೇ ತಿದ್ದುಪಡಿಯಲ್ಲಿ 21ಎ ಬಂತು, ಅಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ‘ಶಾಲ್ ಪ್ರೊವೈಡ್’ ಎಂದಾಯಿತು. ‘ಎಂಡೆವರ್’ ಹೋಯಿತು, ಮೂಲಭೂತ ಹಕ್ಕು ಬಂತು. ಎರಡು ವಾಕ್ಯಗಳ ನಡುವೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದೆ, ಅಷ್ಟರಲ್ಲಿ ಎಷ್ಟು ಮಕ್ಕಳು ಶಾಲೆಯ ಹೊರಗೇ ಬೆಳೆದರೋ ನೆನೆದರೆ ಸಂಕಟವಾಗುತ್ತದೆ.

ಎರಡೂ ಕಡೆ ‘ಕಂಪಲ್ಸರಿ’ ಎಂಬ ಪದವೂ ಇದೆ. ಕಡ್ಡಾಯ ಅಂದರೆ ಮಗುವಿಗೆ ಕಡ್ಡಾಯ ಅಂತ ತುಂಬ ಜನ ಓದಿಕೊಳ್ಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ತೆರೆದು ವಿವರಣೆ ಓದಿ. ಅಲ್ಲಿ ಕಡ್ಡಾಯದ ಹೊಣೆ ಸರ್ಕಾರದ್ದು: ಶಿಕ್ಷಣ ಕೊಡಬೇಕು, ಮಗು ದಾಖಲಾಗುವ ಹಾಗೆ, ಶಾಲೆಗೆ ಬರುವ ಹಾಗೆ, ಓದು ಮುಗಿಸುವ ಹಾಗೆ ನೋಡಿಕೊಳ್ಳಬೇಕು.