ಕಾಲ್ಗುಣದ ಮಾತನ್ನು ಮೈದಾನಕ್ಕೆ ತರಬೇಡಿ

ಸಿರುಗುಪ್ಪದ ಹಿರಿಯರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ಬಂತು. ಕ್ರಿಕೆಟಿಗರ ಕೈಹಿಡಿದ ನಟಿಯರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಕೊಟ್ಟ ಎರಡು ಪುಟ ನಿಮಗೆ ಹಿಡಿಸಿಲ್ಲ. ‘ನಟಿಯ ಸಹವಾಸ ಆದ ಮೇಲೆ ಯಾರ ಆಟ ಉಳಿದಿದೆ ಹೇಳಿ. ಪಟೌಡಿ ಕ್ಯಾಪ್ಟನ್ ಪಟ್ಟ ಕಳ್ಕೊಂಡರು, ಕೊಹ್ಲಿ ಸೆಮಿಫೈನಲ್‌ನಲ್ಲಿ ಒಂದು ರನ್ನಿಗೆ ಔಟಾದರು, ಈಗ ನಮ್ಮ ಕೆ.ಎಲ್. ರಾಹುಲ್‌ದೂ ಅದೇ ದಾರಿ’ ಎಂದು ಬರೆದಿದ್ದೀರಿ.

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ನಿಮ್ಮ ಮಾತಿಗೆ ನಮ್ಮ ಕಡೆ ಹಳೇ ಹೆಸರು ಒಂದಿದೆ. ಕಾಲ್ಗುಣ. ಸೊಸೆ ಬಂದ ವರ್ಷ ಎಮ್ಮೆ ಸತ್ತರೆ ಅವಳ ಕಾಲ್ಗುಣ, ಭತ್ತದ ರೇಟು ಬಿದ್ದರೆ ಅವಳ ಕಾಲ್ಗುಣ, ಡ್ಯಾಮಿನಿಂದ ಕಾಲುವೆಗೆ ನೀರು ತಡವಾಗಿ ಬಿಟ್ಟರೂ ಅವಳದೇ. ಈ ಮಾತು ಕೇಳಿ ಒಲೆ ಮುಂದೆ ಕೂತು ಅತ್ತ ಹೆಣ್ಣುಮಕ್ಕಳು ನಿಮ್ಮ ಓಣಿಯಲ್ಲೂ ಇದ್ದಾರೆ, ನಮ್ಮ ಓಣಿಯಲ್ಲೂ ಇದ್ದಾರೆ.

ಆ ವಿಶ್ವಕಪ್ ಸೆಮಿಫೈನಲ್ ನನಗೂ ಚೆನ್ನಾಗಿ ನೆನಪಿದೆ. 2015, ಮಾರ್ಚ್ 26. ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ ಒಂದು ಹೋಟೆಲ್‌ನಲ್ಲಿ ಒಗ್ಗರಣೆ, ಮಿರ್ಚಿ ಪ್ಲೇಟು ಕೈಯಲ್ಲಿ ಹಿಡಿದು ನಿಂತೇ ನೋಡುತ್ತಿದ್ದೆವು. ಸಿಡ್ನಿಯಲ್ಲಿ ಆಸ್ಟ್ರೇಲಿಯಾ 328 ಹೊಡೆದಿತ್ತು. ಕೊಹ್ಲಿ 13 ಬಾಲ್ ಆಡಿ 1 ರನ್ ಮಾಡಿ ಮಿಚೆಲ್ ಜಾನ್ಸನ್‌ಗೆ ವಿಕೆಟ್ ಕೊಟ್ಟರು. ರಿಪ್ಲೇ ಇನ್ನೂ ಮುಗಿದಿರಲಿಲ್ಲ, ಸ್ಟೇಡಿಯಂನಲ್ಲಿ ಕೂತಿದ್ದ ಅವರ ಗೆಳತಿ, ನಟಿ ಅನುಷ್ಕಾ ಶರ್ಮಾ ಹೆಸರು ಹಿಡಿದು ಬೈಗುಳ ಶುರುವಾಯಿತು. ಬಾಲ್ ಹಾಕಿದ ಜಾನ್ಸನ್ ಹೆಸರನ್ನು ಯಾರೂ ಎತ್ತಲಿಲ್ಲ. ಟೇಬಲ್ ಒರೆಸುತ್ತಿದ್ದ ಹೆಂಗಸು ಒಂದು ಸಲ ತಲೆ ಎತ್ತಿ ನಮ್ಮನ್ನೆಲ್ಲ ನೋಡಿದಳು, ಮತ್ತೆ ಒರೆಸತೊಡಗಿದಳು. ನಾನು ಬೈಯಲಿಲ್ಲ, ಆದರೆ ಬೈಯುವವರನ್ನು ತಡೆಯಲೂ ಇಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಲೆಕ್ಕ ಹಾಕುವುದಾದರೆ ಪೂರ್ತಿ ಹಾಕೋಣ. ಆ ಸೆಮಿಫೈನಲ್‌ಗೆ ಎರಡು-ಮೂರು ತಿಂಗಳ ಹಿಂದೆ ಅದೇ ಆಸ್ಟ್ರೇಲಿಯಾದಲ್ಲಿ ಕೊಹ್ಲಿ 4 ಟೆಸ್ಟ್ ಆಡಿ 4 ಶತಕ ಹೊಡೆದಿದ್ದರು, 692 ರನ್. ಆಗ ಆ ಹುಡುಗಿಗೆ ಯಾರೂ ಒಂದು ಒಳ್ಳೇ ಮಾತು ಹೇಳಲಿಲ್ಲ. ಮರುವರ್ಷ ಇಬ್ಬರೂ ದೂರವಾದರು ಅಂತ ಸುದ್ದಿ ಹಬ್ಬಿತು. ಅದೇ ಹೊತ್ತಿಗೆ ಮೊಹಾಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 82 ಹೊಡೆದರು ನೋಡಿ, ‘ಅವಳು ಹೋದಳು, ಆಟ ಬಂತು’ ಅಂತ ಮತ್ತೆ ಆಕೆಯನ್ನೇ ಆಡಿಕೊಂಡರು. ಹತ್ತಿರ ಇದ್ದರೂ ತಪ್ಪು, ದೂರ ಇದ್ದರೂ ತಪ್ಪು. ಆಡಿಕೊಳ್ಳುವವರಿಗೆ ನಾಚಿಕೆಯಾಗಬೇಕು ಎಂದು ಕೊಹ್ಲಿಯೇ ಬಹಿರಂಗವಾಗಿ ಬರೆಯಬೇಕಾಯಿತು.

ಮದುವೆ ಆದದ್ದು 2017ರ ಡಿಸೆಂಬರ್ 11ಕ್ಕೆ, ಇಟಲಿಯಲ್ಲಿ. ಮರುವರ್ಷ ಇಂಗ್ಲೆಂಡ್‌ನಲ್ಲಿ 5 ಟೆಸ್ಟ್‌ಗೆ 593 ರನ್. ಮದುವೆಗೆ ಮುಂಚೆ, 2014ರಲ್ಲಿ, ಅದೇ ಇಂಗ್ಲೆಂಡ್‌ನಲ್ಲಿ 5 ಟೆಸ್ಟ್‌ಗೆ ಬಂದದ್ದು ಬರೀ 134. 2019ರ ನವೆಂಬರ್‌ನಿಂದ ಸುಮಾರು ಮೂರು ವರ್ಷ ಶತಕವೇ ಬರಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಬಂದ ದಿನ ಕೊರಳ ಸರದಲ್ಲಿದ್ದ ಮದುವೆ ಉಂಗುರಕ್ಕೆ ಮುತ್ತಿಟ್ಟು, ಆ ಶತಕ ಹೆಂಡತಿಗೆ, ಮಗಳಿಗೆ ಎಂದರು. ಆ ಮೂರು ವರ್ಷ ಪಕ್ಕದಲ್ಲಿ ನಿಂತದ್ದು ಯಾರು ಎಂದು ಅವರಿಗಿಂತ ಚೆನ್ನಾಗಿ ನಮಗೆ ಗೊತ್ತಾ?

ರಾಹುಲ್ ಮದುವೆ 2023ರ ಜನವರಿಯಲ್ಲಿ, ನಟಿ ಆಥಿಯಾ ಶೆಟ್ಟಿ ಜೊತೆ. ಮುಂದಿನ ತಿಂಗಳು ರನ್ ಬರದೆ, ಮಾರ್ಚ್‌ನಲ್ಲಿ ಟೆಸ್ಟ್ ತಂಡದಿಂದ ಹೊರಗೆ ಕೂತರು, ನಿಜ. 2025ರ ಮಾರ್ಚ್‌ನಲ್ಲಿ ಮಗಳು ಹುಟ್ಟಿದಳು. ಅದೇ ಬೇಸಿಗೆ ಇಂಗ್ಲೆಂಡ್‌ನಲ್ಲಿ 532 ರನ್ ಹೊಡೆದರು.

ಹಿಂದೆ ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಪಟೌಡಿ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. 1968ರಲ್ಲಿ ನಟಿ ಶರ್ಮಿಳಾ ಟ್ಯಾಗೋರ್ ಅವರನ್ನು ಮದುವೆಯಾದ ಮೇಲೆ ಅವರಿಗೆ ಟೆಸ್ಟ್ ಶತಕ ಬರಲಿಲ್ಲ. ಆದರೆ ಆ ಮನುಷ್ಯ 1961ರಲ್ಲೇ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡು, ಒಂದೇ ಕಣ್ಣಲ್ಲಿ ಅಷ್ಟು ವರ್ಷ ವೇಗದ ಬೌಲಿಂಗ್ ಎದುರಿಸಿದವರು. 1971ರಲ್ಲಿ ಕ್ಯಾಪ್ಟನ್ ಪಟ್ಟ ಹೋದದ್ದು ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚಂಟ್ ತಮ್ಮ ನಿರ್ಣಾಯಕ ಮತವನ್ನು ಅಜಿತ್ ವಾಡೇಕರ್‌ಗೆ ಹಾಕಿದ್ದರಿಂದ. ಇದರಲ್ಲಿ ಶರ್ಮಿಳಾ ಎಲ್ಲಿಂದ ಬಂದರು?

ನಿಮ್ಮ ಕಾಗದ ಓದುತ್ತಾ ನನಗೆ ಜಾಸ್ತಿ ಕಾಡಿದ್ದು ಬೇರೆ. ಗಂಡಸಿನ ಆಟ ಏನಾಯಿತು ಅಂತ ನಾಲ್ಕು ಪುಟ ಕೇಳಿದ್ದೀರಿ, ಹೆಂಗಸಿನ ಕೆಲಸ ಏನಾಯಿತು ಅಂತ ಒಂದು ಸಾಲೂ ಇಲ್ಲ. ರೀನಾ ರಾಯ್ ಹಿಂದಿ ಸಿನಿಮಾದ ದೊಡ್ಡ ನಾಯಕಿಯಾಗಿದ್ದಾಗಲೇ, 1983ರಲ್ಲಿ, ಪಾಕಿಸ್ತಾನದ ಓಪನರ್ ಮೊಹ್ಸಿನ್ ಖಾನ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟು ಹೋದರು. ಆಮೇಲೆ ಆ ಆಟಗಾರ ಹಿಂದಿ ಸಿನಿಮಾಗಳಲ್ಲಿ ನಟಿಸಿದರು. ಮದುವೆ ಉಳಿಯಲಿಲ್ಲ. ರೀನಾ ವಾಪಸ್ ಬಂದಾಗ ಆ ಮೊದಲಿನ ಜಾಗ ಸಿಗಲಿಲ್ಲ. ಶರ್ಮಿಳಾ ಮಾತ್ರ ಬಿಡಲಿಲ್ಲ, ‘ಆರಾಧನಾ’ ಬಂದದ್ದು ಮದುವೆಯ ಮರುವರ್ಷ. ಮುಂದೆ 2004ರಿಂದ 2011ರವರೆಗೆ ಸೆನ್ಸಾರ್ ಮಂಡಳಿಯ ಅಧ್ಯಕ್ಷೆಯೂ ಆಗಿದ್ದರು. ಅನುಷ್ಕಾ ನಾಯಕಿಯಾಗಿ ನಟಿಸಿದ ಸಿನಿಮಾ 2018ರ ನಂತರ ಒಂದೂ ಥಿಯೇಟರಿಗೆ ಬಂದಿಲ್ಲ. ಅದು ಅವರದೇ ಆಯ್ಕೆ ಇರಬಹುದು. ಆದರೆ ಮದುವೆಯಿಂದ ಯಾರ ಆಟ ನಿಂತಿತು ಅಂತ ಕೇಳುವುದಾದರೆ ಈ ಕಡೆಯೂ ನೋಡಬೇಕು ಅಲ್ವಾ?

ನಮ್ಮ ತಪ್ಪೂ ಇದೆ. ನಿಮ್ಮ ಕಾಗದ ಬಂದ ಮೇಲೆ ಆ ಎರಡು ಪುಟ ಮತ್ತೆ ತೆಗೆದು ನೋಡಿದೆ. ಪ್ರತಿ ಆಟಗಾರನ ಫೋಟೋ ಕೆಳಗೆ ರನ್, ಶತಕ, ವಿಕೆಟ್ ಎಲ್ಲ ಹಾಕಿದ್ದೇವೆ. ನಟಿಯ ಫೋಟೋ ಕೆಳಗೆ ಮದುವೆಯ ತಾರೀಖು, ಸೀರೆಯ ಬಣ್ಣ, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಅದೇ ಫೋಟೋಗಳನ್ನು ಮತ್ತೆ ಹಾಕುತ್ತೇವೆ, ಈ ಸಲ ಪ್ರತಿಯೊಬ್ಬರ ಸಿನಿಮಾ, ಪ್ರಶಸ್ತಿ, ಕೆಲಸ ಮಾಡಿದ ವರ್ಷಗಳ ಜೊತೆ. ಓದಿ, ಇನ್ನೊಂದು ಕಾಗದ ಬರೆಯಿರಿ.

ಸಂಪಾದಕ
ಬಳ್ಳಾರಿ