ಓದುಗರ ಪ್ರಶ್ನೆ: ಆಲ್ಪ್ಸ್‌ನಲ್ಲಿ ಸರೋವರ ಕಾಣುವ ಶಿಖರಗಳು

ಆಲ್ಪ್ಸ್ ಪರ್ವತಗಳಲ್ಲಿ ನಡೆದು, ಶಿಖರದಿಂದ ಸರೋವರಗಳನ್ನು ನೋಡಬಯಸುವ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗ ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಸೆಪ್ಟೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಅವನಲ್ಲಿಗೆ ಹೋಗುತ್ತಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ದಿನವೂ ಬೆಳಿಗ್ಗೆ ನಡೆಯುವ ರೂಢಿಯಿದೆ, ಆದರೆ ಇಳಿಜಾರಿನಲ್ಲಿ ಪತ್ನಿಗೆ ಮೊಣಕಾಲು ನೋಯುತ್ತದೆ. ಮಗ ಯುಂಗ್‌ಫ್ರಾವ್‌ಯೋಕ್‌ಗೆ ಟಿಕೆಟ್ ತೆಗೆಯುತ್ತೇನೆ ಎನ್ನುತ್ತಿದ್ದಾನೆ. ನಮಗೆ ಬೆಟ್ಟದ ಮೇಲಿಂದ ಸರೋವರ ನೋಡಬೇಕು, ಸ್ವಲ್ಪ ದೂರವಾದರೂ ನಡೆಯಬೇಕು ಎಂಬ ಆಸೆ. ಎಲ್ಲಿಗೆ ಹೋಗುವುದು ಒಳ್ಳೆಯದು?
– ಧಾರವಾಡದ ಓದುಗರು

ಉತ್ತರ: ನಿಮ್ಮ ಆಸೆಗೂ ಮಗನ ಟಿಕೆಟ್ಟಿಗೂ ಹೊಂದಾಣಿಕೆಯಾಗುವುದಿಲ್ಲ. 1912ರಿಂದ ರೈಲು ಹೋಗುತ್ತಿರುವ ಯುಂಗ್‌ಫ್ರಾವ್‌ಯೋಕ್ 3,454 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಣ್ಣು ತುಂಬುವುದು ಹಿಮ, ಬಂಡೆ ಮತ್ತು ಅಲೆಚ್ ಹಿಮನದಿಯೇ ಹೊರತು ಸರೋವರವಲ್ಲ. ಆಲ್ಪ್ಸ್‌ನ ದೊಡ್ಡ ಸರೋವರಗಳು ಬಹುಪಾಲು ಪರ್ವತಶ್ರೇಣಿಯ ಅಂಚಿನಲ್ಲಿವೆ. ಹಿಮಯುಗದಲ್ಲಿ ಒಳನಾಡಿನಿಂದ ಇಳಿದುಬಂದ ಹಿಮನದಿಗಳು ಕಣಿವೆಯ ತಳವನ್ನು ಆಳವಾಗಿ ಕೊರೆದವು, ಅವು ಕರಗಿ ಹಿಂದೆ ಸರಿದಾಗ ಆ ಗುಂಡಿಗಳಲ್ಲಿ ನೀರು ನಿಂತಿತು. ಆದ್ದರಿಂದ ಸರೋವರ ನೋಡಬೇಕೆನ್ನುವವರು ಅತಿ ಎತ್ತರದ ಶಿಖರವನ್ನು ಹುಡುಕದೆ, ದಡದಿಂದಲೇ ನೇರವಾಗಿ ಎದ್ದು ನಿಂತಿರುವ, ನೀರಿನ ಮಟ್ಟಕ್ಕಿಂತ ಸಾವಿರ ಸಾವಿರದೈನೂರು ಮೀಟರ್ ಮೇಲಿರುವ ಮಧ್ಯಮ ಗಾತ್ರದ ಬೆಟ್ಟವನ್ನು ಆರಿಸಿಕೊಳ್ಳಬೇಕು. ಅದಕ್ಕಿಂತ ಮೇಲೆ ಹೋದಂತೆ ಸರೋವರ ದೂರವಾಗಿ, ಕೊನೆಗೆ ಮಂಜಿನಾಚೆಯ ಬೂದು ಪಟ್ಟಿಯಾಗಿ ಉಳಿಯುತ್ತದೆ.

ಜ್ಯೂರಿಕ್‌ನಿಂದ ಹೋಗುವ ನಿಮಗೆ ನಾನು ಹೇಳುವುದು ರಿಗಿ ಬೆಟ್ಟವನ್ನು. ಅದರ ತುದಿಯಾದ ರಿಗಿ ಕುಲ್ಮ್‌ನ ಎತ್ತರ 1,798 ಮೀಟರ್, ಅಂದರೆ ನಮ್ಮ ಕುದುರೆಮುಖಕ್ಕಿಂತಲೂ ಮುಳ್ಳಯ್ಯನಗಿರಿಗಿಂತಲೂ ಕಡಿಮೆ. ಹೀಗಾಗಿ ಎತ್ತರದಿಂದ ಉಸಿರಾಟಕ್ಕೆ ತೊಂದರೆಯಾಗುವ ಭಯವನ್ನು ಬಿಟ್ಟುಬಿಡಿ. ಆದರೂ ಕೆಳಗಿನ ಲುಸೆರ್ನ್ ಸರೋವರ 434 ಮೀಟರ್ ಮಟ್ಟದಲ್ಲಿರುವುದರಿಂದ ನೀವು ನೀರಿಗಿಂತ ಸುಮಾರು 1,360 ಮೀಟರ್ ಮೇಲೆ ನಿಂತಿರುತ್ತೀರಿ. ಒಂದು ಬದಿಗೆ ಲುಸೆರ್ನ್, ಇನ್ನೊಂದು ಬದಿಗೆ ತ್ಸೂಗ್, ಮತ್ತೊಂದೆಡೆ ಪುಟ್ಟ ಲಾವೆರ್ಟ್ಸ್ ಹೀಗೆ ಮೂರು ಸರೋವರಗಳು ಬೆಟ್ಟವನ್ನು ಸುತ್ತುವರಿದಿವೆ. 1871ರಲ್ಲಿ ಫಿಟ್ಸ್‌ನಾವ್ ಊರಿನಿಂದ ಆರಂಭವಾದ ಇಲ್ಲಿನ ಹಲ್ಲುಗಾಲಿ ರೈಲು (ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಹಲ್ಲಿನ ಚಕ್ರದಿಂದ ಕಚ್ಚಿಕೊಂಡು ಹತ್ತುವ ರೈಲು) ಯುರೋಪಿನ ಮೊದಲ ಬೆಟ್ಟದ ರೈಲು.

ಇನ್ನು ಮೊಣಕಾಲಿನ ವಿಷಯ. ರೈಲಿನಲ್ಲಿ ಹತ್ತಿ ನಡೆದು ಇಳಿಯುವುದು ಸುಲಭವೆಂದು ಎಲ್ಲರೂ ಹೇಳುತ್ತಾರೆ, ನಿಮ್ಮ ಪತ್ನಿಯವರಿಗೆ ಅದೇ ಕಷ್ಟ. ರಿಗಿಯಲ್ಲಿ ಇದಕ್ಕೊಂದು ಒಳ್ಳೆಯ ಪರಿಹಾರವಿದೆ. ರಿಗಿ ಕಾಲ್ಟ್‌ಬಾಡ್ ಎಂಬ ನಿಲ್ದಾಣದಿಂದ ರಿಗಿ ಶೈಡೆಗ್ ಎಂಬಲ್ಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ರೈಲು ಓಡುತ್ತಿತ್ತು. ಅದು ನಿಂತುಹೋಗಿ ಬಹಳ ಕಾಲವಾಯಿತು, ಹಳಿಗಳಿದ್ದ ಜಾಗ ಈಗ ಕಾಲುದಾರಿಯಾಗಿದೆ. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರು ಗೊತ್ತೇ ಆಗದಷ್ಟು ಮೆಲ್ಲಗಿದೆ. ಏಳು ಕಿಲೋಮೀಟರಿನಷ್ಟು ದೂರವನ್ನು ಎರಡು, ಎರಡೂವರೆ ಗಂಟೆಗಳಲ್ಲಿ ನಡೆಯಬಹುದು. ಹಳೆಯ ಸುರಂಗವೊಂದು, ಕಬ್ಬಿಣದ ಸೇತುವೆಯೊಂದು ದಾರಿಯಲ್ಲಿ ಸಿಗುತ್ತವೆ, ಬಲಗಡೆ ಕೆಳಗೆ ಸರೋವರ ಆಗಾಗ ತೆರೆದುಕೊಳ್ಳುತ್ತದೆ. ಕಾಲ್ಟ್‌ಬಾಡ್‌ನಿಂದ ಶೈಡೆಗ್ ಕಡೆಗೇ ನಡೆಯಿರಿ, ಆಗ ಇಳಿಜಾರೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಶೈಡೆಗ್‌ನಿಂದ ಕ್ರೇಬೆಲ್‌ಗೆ ಕೇಬಲ್ ಕಾರ್, ಅಲ್ಲಿಂದ ಆರ್ಟ್-ಗೋಲ್ಡಾವ್‌ಗೆ ಹಲ್ಲುಗಾಲಿ ರೈಲು, ಅಲ್ಲಿಂದ ಜ್ಯೂರಿಕ್‌ಗೆ ಮಾಮೂಲಿ ರೈಲು. ಹೋಗುವಾಗ ಲುಸೆರ್ನ್‌ನಿಂದ ಫಿಟ್ಸ್‌ನಾವ್‌ವರೆಗೆ ಹಡಗಿನಲ್ಲಿ ಸುಮಾರು ಒಂದು ಗಂಟೆ ಪಯಣಿಸಿದರೆ, ಆಮೇಲೆ ಮೇಲಿಂದ ನೋಡುವ ನೀರನ್ನು ಮೊದಲೇ ಹತ್ತಿರದಿಂದ ನೋಡಿದಂತಾಗುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಈ ಹಡಗಿಗೂ ರಿಗಿಯ ರೈಲುಗಳಿಗೂ ಪ್ರತ್ಯೇಕ ಟಿಕೆಟ್ ಬೇಡ. ಎರಡೇ ದಿನಗಳ ಓಡಾಟಕ್ಕಾಗಿ ಪಾಸ್ ಕೊಳ್ಳುವುದು ಮಾತ್ರ ದಂಡ. ಅದರ ಲೆಕ್ಕವನ್ನು ಮಗನಿಗೇ ಬಿಡಿ.

ಎದುರಿಗಿರುವ ಪಿಲಾಟಸ್ ಕೂಡ ಹೆಸರುವಾಸಿಯೇ. 1889ರಲ್ಲಿ ಆರಂಭವಾದ ಅದರ ರೈಲು 48 ಶೇಕಡಾ ಇಳಿಜಾರನ್ನು ಹತ್ತುತ್ತದೆ, ಜಗತ್ತಿನ ಹಲ್ಲುಗಾಲಿ ರೈಲುಗಳಲ್ಲಿ ಅಷ್ಟು ಕಡಿದಾದದ್ದು ಬೇರೊಂದಿಲ್ಲ. ಆದರೆ ಮೇಲೆ ತಲುಪಿದ ಮೇಲೆ ಇರುವುದು ಮೆಟ್ಟಿಲುಗಳು ಮತ್ತು ಬಂಡೆಯಂಚಿನ ಚಿಕ್ಕ ದಾರಿಗಳು. ನೋಡುವುದಕ್ಕೆ ಪಿಲಾಟಸ್, ನಡೆಯುವುದಕ್ಕೆ ರಿಗಿ.

ಪ್ರಶ್ನೆ: ನಾನು ಪಶ್ಚಿಮ ಘಟ್ಟದಲ್ಲಿ ಸಾಕಷ್ಟು ಚಾರಣ ಮಾಡಿದ್ದೇನೆ, ಕುಕ್ಕೆಯ ಕಡೆಯಿಂದ ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಇಂಟರ್‌ಲಾಕನ್ ಬಳಿ ಬ್ರಿಯೆಂಟ್ಸ್ ಸರೋವರದ ಮೇಲೆ ಹಾದುಹೋಗುವ ಹಾರ್ಡರ್‌ಗ್ರಾಟ್ ಎಂಬ ಏಣಿನ (ಬೆಟ್ಟದ ನೆತ್ತಿಯ ಕಿರಿದಾದ ಅಂಚಿನ) ದಾರಿಯ ವಿಡಿಯೊಗಳನ್ನು ನೋಡಿ ಮರುಳಾಗಿದ್ದೇನೆ. ಗೆಳೆಯನೊಬ್ಬನ ಜೊತೆ ಅದನ್ನು ಪೂರ್ತಿಯಾಗಿ ನಡೆಯಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ನಿಮ್ಮ ದಮ್ಮಿನ ಬಗ್ಗೆ ನನಗೆ ಅನುಮಾನವಿಲ್ಲ. ಕುಕ್ಕೆಯಿಂದ 1,712 ಮೀಟರಿನ ಕುಮಾರಪರ್ವತಕ್ಕೆ ಒಂದೇ ದಿನದಲ್ಲಿ ಹೋಗಿಬಂದವರು ಆಲ್ಪ್ಸ್‌ನ ಹೆಚ್ಚಿನ ಒಂದು ದಿನದ ಚಾರಣಗಳ ಏರನ್ನು ನಿಭಾಯಿಸಬಲ್ಲರು. ಹಾರ್ಡರ್‌ಗ್ರಾಟ್ ಪರೀಕ್ಷಿಸುವುದು ದಮ್ಮನ್ನಲ್ಲ, ಹೆಜ್ಜೆಯನ್ನು. ಹಾರ್ಡರ್ ಕುಲ್ಮ್‌ನಿಂದ 2,350 ಮೀಟರಿನ ಬ್ರಿಯೆಂಟ್ಸರ್ ರೋಟ್‌ಹಾರ್ನ್‌ವರೆಗೆ ಇಪ್ಪತ್ತು ಕಿಲೋಮೀಟರಿಗೂ ಮೀರಿ ಸಾಗುವ ಆ ಏಣು ಹಲವೆಡೆ ಒಬ್ಬರ ಪಾದದಗಲಕ್ಕಿಂತ ಸ್ವಲ್ಪವೇ ಹೆಚ್ಚು ಅಗಲವಿದೆ, ಎರಡೂ ಬದಿಗೆ ಕಡಿದಾದ ಹುಲ್ಲಿನ ಇಳಿಜಾರು. ಹುಲ್ಲು ಮೆತ್ತಗೆ ಕಾಣುವುದರಿಂದ ಬಂಡೆಗಿಂತ ಸುರಕ್ಷಿತವೆಂಬ ಭ್ರಮೆ ಹುಟ್ಟುತ್ತದೆ. ಒದ್ದೆಯಾದ ಹುಲ್ಲಿನಲ್ಲಿ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ನಿಲ್ಲಲು ತಾಣವೂ ಇರುವುದಿಲ್ಲ. ಮಧ್ಯದಲ್ಲಿ ಮೋಡ ಕವಿದರೆ ತಪ್ಪಿಸಿಕೊಂಡು ಇಳಿಯುವ ದಾರಿಗಳೂ ವಿರಳ. ಅದನ್ನು ನಡೆಯುವ ಸ್ಥಳೀಯರು ಮಳೆ ಬಾರದ ದಿನಗಳ ನಂತರದ ಒಣ ದಿನವನ್ನು ಕಾಯುತ್ತಾರೆ. ರಜೆ ಹಾಕಿ, ವಿಮಾನದ ಟಿಕೆಟ್ ಕೊಂಡು ಹೋದ ನಮ್ಮಂಥವರಿಗೆ ಹಾಗೆ ಕಾಯುವ ಮನಸ್ಸು ಬರುವುದು ಕಷ್ಟ, ಅಪಾಯದ ಅರ್ಧಭಾಗ ಅಲ್ಲೇ ಇದೆ.

ಸ್ವಿಟ್ಜರ್ಲೆಂಡಿನ ದಾರಿಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಬರಿಯ ಹಳದಿ ಫಲಕವಿದ್ದರೆ ಯಾರೂ ನಡೆಯಬಹುದಾದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟಿಯಿದ್ದರೆ ಬೆಟ್ಟದ ದಾರಿ, ಅದಕ್ಕೆ ಗಟ್ಟಿ ಬೂಟು, ಸ್ಥಿರವಾದ ಹೆಜ್ಜೆ, ತಲೆ ತಿರುಗದ ಸ್ವಭಾವ ಬೇಕು. ಬಿಳಿ-ನೀಲಿ-ಬಿಳಿ ಇದ್ದರೆ ಅದು ಪಳಗಿದವರಿಗೆ ಮಾತ್ರ. ಇದರ ಜೊತೆಗೆ ಸ್ವಿಸ್ ಆಲ್ಪೈನ್ ಕ್ಲಬ್ಬಿನ, ಸುಲಭವಾದ ಟಿ1ರಿಂದ ಅತಿ ಕಠಿಣವಾದ ಟಿ6ರವರೆಗಿನ ದರ್ಜೆಗಳಿವೆ. ನೀವು ಕೇಳುವ ಏಣಿನ ಕಠಿಣ ಭಾಗ ಟಿ5. ನಮ್ಮ ಘಟ್ಟದ ಚಾರಣದಿಂದ ನೇರವಾಗಿ ಹೋಗುವವರು ಟಿ2 ಅಥವಾ ಟಿ3ರಲ್ಲಿ ಆರಂಭಿಸುವುದು ಮರ್ಯಾದೆಗೆ ಕಡಿಮೆಯೇನಲ್ಲ. ಫಲಕಗಳಲ್ಲಿ ಬರೆದಿರುವ ಸಮಯದಲ್ಲಿ ವಿಶ್ರಾಂತಿ, ಊಟ, ಫೋಟೊ ಯಾವುದೂ ಸೇರಿರುವುದಿಲ್ಲ ಎಂಬುದು ನೆನಪಿರಲಿ.

ಅದೇ ಸರೋವರವನ್ನು ನೋಡುವುದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು, ಅದೇ ಏಣಿನ ಮೇಲಿರುವ 2,137 ಮೀಟರಿನ ಆಗ್ಸ್ಟ್‌ಮಾಟ್‌ಹಾರ್ನ್. ಹಾಬ್ಕೆರ್ನ್ ಊರಿನ ಮೇಲಿನ ಲೊಂಬಾಖಾಲ್ಪ್‌ನಿಂದ ಹತ್ತಿ ಅಲ್ಲಿಗೇ ಮರಳಬಹುದು. ಬೆಳಗಿನ ಜಾವ ಹೋದವರಿಗೆ ಐಬೆಕ್ಸ್ ಎಂಬ ಕಾಡುಮೇಕೆಗಳು ಕಾಣಸಿಗುತ್ತವೆ. ಎರಡನೆಯದು, ನನ್ನ ಲೆಕ್ಕದಲ್ಲಿ ಇಡೀ ಪ್ರದೇಶದಲ್ಲೇ ಶ್ರೇಷ್ಠವಾದದ್ದು, ಷೀನಿಗೆ ಪ್ಲಾಟೆಯಿಂದ ಫೌಲ್‌ಹಾರ್ನ್ ಮೂಲಕ ಫಿರ್ಸ್ಟ್‌ವರೆಗಿನ ದಾರಿ. ವಿಲ್ಡರ್ಸ್‌ವಿಲ್‌ನಿಂದ 1893ರ ಹಲ್ಲುಗಾಲಿ ರೈಲು ನಿಮ್ಮನ್ನು 1,967 ಮೀಟರಿಗೆ ತಲುಪಿಸುತ್ತದೆ. ಅಲ್ಲಿಂದ ಸುಮಾರು 16 ಕಿಲೋಮೀಟರ್, ಆರು ಗಂಟೆಗಳ ನಡಿಗೆ. ಆರಂಭದಲ್ಲಿ ಎಡಗಡೆ ಕೆಳಗೆ ಬ್ರಿಯೆಂಟ್ಸ್ ಸರೋವರ, ಬಲಗಡೆ ಐಗರ್, ಮೋಂಖ್, ಯುಂಗ್‌ಫ್ರಾವ್. ನಡುವೆ ಕಲ್ಲಿನ ಕಣಿವೆಗಳು, 2,681 ಮೀಟರಿನ ಫೌಲ್‌ಹಾರ್ನ್ ತುದಿಯಲ್ಲಿ 1830ರ ದಶಕದ ಹೋಟೆಲ್ ಕಟ್ಟಡ, ಇಳಿಯುವಾಗ ಬಾಖಾಲ್ಪ್ ಸರೋವರ. ಹೋಟೆಲಿನ ಊಟವನ್ನೋ ವಸತಿಯನ್ನೋ ನಂಬಿಕೊಂಡಿದ್ದರೆ ಅದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಫಿರ್ಸ್ಟ್‌ನಿಂದ ಗ್ರಿಂಡೆಲ್‌ವಾಲ್ಡ್‌ಗೆ ಇಳಿಯುವ ಕೊನೆಯ ಕೇಬಲ್ ಕಾರಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ದಣಿದ ಕಾಲಿನಲ್ಲಿ ಇನ್ನೂ ಸಾವಿರ ಮೀಟರ್ ಇಳಿಯಬೇಕಾಗುತ್ತದೆ. ತುರ್ತಿಗೆ 112, ಹೆಲಿಕಾಪ್ಟರ್ ನೆರವಿನ ರೇಗಾ ಸಂಸ್ಥೆಗೆ 1414.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ನೆಲೆಸಿದ್ದೇವೆ. ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳೊಂದಿಗೆ ಒಂದೇ ದಿನದಲ್ಲಿ ಹೋಗಿಬರಬಹುದಾದ, ಸರೋವರ ಕಾಣುವ ಶಿಖರ ಯಾವುದು?
– ಮ್ಯೂನಿಕ್‌ನ ಓದುಗರು

ಉತ್ತರ: ಹೆರ್ಟ್ಸೋಗ್‌ಸ್ಟಾಂಡ್, 1,731 ಮೀಟರ್. ಅದರ ಒಂದು ಬದಿಗೆ ವಾಲ್ಖೆನ್ ಸರೋವರ, ಇನ್ನೊಂದು ಬದಿಗೆ ಅದಕ್ಕಿಂತ 200 ಮೀಟರ್ ತಗ್ಗಿನಲ್ಲಿ ಕೊಖೆಲ್ ಸರೋವರ. ಈ ಎತ್ತರದ ವ್ಯತ್ಯಾಸವನ್ನೇ ಬಳಸಿಕೊಂಡು 1924ರಿಂದ ಅಲ್ಲಿ ವಿದ್ಯುತ್ ತಯಾರಿಸುತ್ತಿದ್ದಾರೆ. ನೀರಿನ ಕೊಳವೆಗಳನ್ನು ಮೇಲಿನಿಂದ ತೋರಿಸಿದರೆ ಹಿರಿಯ ಮಗುವಿಗೆ ಶಾಲೆಯ ಪಾಠವೊಂದು ಸಲೀಸಾದೀತು. ಕೊಖೆಲ್‌ವರೆಗೆ ರೈಲು, ಮುಂದೆ ಬಸ್ಸು, ವಾಲ್ಖೆನ್‌ಜೇ ಊರಿನಿಂದ ಕೇಬಲ್ ಕಾರ್. ಅದು ಓಡುತ್ತಿದೆಯೇ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ಮೇಲಿನ ನಿಲ್ದಾಣದಿಂದ ಶಿಖರಕ್ಕೆ ಮಕ್ಕಳ ಹೆಜ್ಜೆಯಲ್ಲಿ ಒಂದೂಕಾಲು ಗಂಟೆ ಸಾಕು. ಅಲ್ಲಿಂದ ಹೈಮ್‌ಗಾರ್ಟನ್‌ಗೆ ಸಾಗುವ ಏಣಿನ ದಾರಿ ಬಹಳ ಸುಂದರ, ಆದರೆ ಕೆಲವೆಡೆ ಕಿರಿದಾಗಿದ್ದು ಹಿಡಿದುಕೊಳ್ಳಲು ಉಕ್ಕಿನ ಹಗ್ಗ ಕಟ್ಟಿದ್ದಾರೆ. ಎಂಟು ವರ್ಷದ ಮಗುವಿನೊಂದಿಗೆ ಅತ್ತ ಹೋಗಬೇಡಿ.

ಆಲ್ಪ್ಸ್‌ನ ಹುಲ್ಲುಗಾವಲುಗಳಲ್ಲಿ ಹಸುಗಳು ದಾರಿಯ ಮೇಲೆಯೇ ಮೇಯುತ್ತಿರುತ್ತವೆ. ಗೋವನ್ನು ಕಂಡೊಡನೆ ಹತ್ತಿರ ಹೋಗಿ ಮೈದಡವುವ ನಮ್ಮ ಅಭ್ಯಾಸ ಅಲ್ಲಿ ಸಲ್ಲದು. ಕರುವಿರುವ ಹಸು ಮೈಮೇಲೆ ಬರುತ್ತದೆ. ದೂರದಿಂದ ಬಳಸಿಕೊಂಡು ಹೋಗಿ, ತೆರೆದ ಬೇಲಿಯ ಗೇಟನ್ನು ಮರೆಯದೆ ಮುಚ್ಚಿ.

ಪ್ರಶ್ನೆ: ನವೆಂಬರಿನಲ್ಲಿ ಲುಸೆರ್ನ್‌ಗೆ ಹೋಗಿದ್ದಾಗ ಬೆಟ್ಟದ ಮೇಲೆ ಒಳ್ಳೆಯ ಬಿಸಿಲಿತ್ತು, ಆದರೆ ಸರೋವರದ ಸುಳಿವೇ ಇರಲಿಲ್ಲ, ಬರೀ ಬಿಳಿ ಮಂಜು. ಯಾವ ತಿಂಗಳು, ಯಾವ ಹೊತ್ತಿನಲ್ಲಿ ಹೋಗಬೇಕು?
– ಶಿವಮೊಗ್ಗದ ಓದುಗರು

ಉತ್ತರ: ಅಕ್ಟೋಬರ್ ನಡುವಿನಿಂದ ಚಳಿಗಾಲ ಮುಗಿಯುವವರೆಗೆ ಗಾಳಿ ನಿಂತ ದಿನಗಳಲ್ಲಿ ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ಸೇರಿಕೊಂಡು, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಮಂಜಾಗಿ ಸರೋವರವನ್ನು ದಿನಗಟ್ಟಲೆ ಮರೆಮಾಡುತ್ತದೆ. ಮೇಲಿಂದ ನೋಡಿದರೆ ಅದೂ ಒಂದು ಸಮುದ್ರವೇ, ಕೆಲವರು ಅದನ್ನೇ ನೋಡಲೆಂದು ಹೋಗುತ್ತಾರೆ. ಸರೋವರವೇ ಬೇಕೆಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲ ಒಳ್ಳೆಯದು. ಅದರಲ್ಲೂ ಸೆಪ್ಟೆಂಬರ್: ಜುಲೈ, ಆಗಸ್ಟ್‌ಗಳ ಮಧ್ಯಾಹ್ನದ ಗುಡುಗುಮಳೆ ಆಗ ಕಡಿಮೆ, ಗಾಳಿಯೂ ತಿಳಿ. ಜೂನ್ ಮೊದಲಲ್ಲಿ ಎರಡು ಸಾವಿರ ಮೀಟರ್ ದಾಟಿದ ಉತ್ತರದ ಇಳಿಜಾರುಗಳಲ್ಲಿ ಹಳೆಯ ಹಿಮ ಉಳಿದಿರುತ್ತದೆ, ಬೂಟಿನಲ್ಲಿ ಅದನ್ನು ದಾಟುವುದು ಅಪಾಯಕರ.

ಹೊತ್ತಿನ ವಿಷಯದಲ್ಲಿ ಸೂರ್ಯ ಎಲ್ಲಿರುತ್ತಾನೆ ಎಂಬುದನ್ನು ನೋಡಿಕೊಳ್ಳಬೇಕು. ಸರೋವರ ನಿಮ್ಮ ದಕ್ಷಿಣಕ್ಕಿದ್ದರೆ ನಡುಹಗಲಿನಲ್ಲಿ ನೀರು ಬಣ್ಣ ಕಳೆದುಕೊಂಡು ಬರೀ ಹೊಳೆಯುತ್ತದೆ. ಉತ್ತರಕ್ಕಿದ್ದರೆ ಬಿಸಿಲು ನಿಮ್ಮ ಬೆನ್ನಿಗೆ ಬಿದ್ದು ಬಣ್ಣ ತುಂಬಿ ಕಾಣುತ್ತದೆ. ಷೀನಿಗೆ ಪ್ಲಾಟೆಯಿಂದ ಬ್ರಿಯೆಂಟ್ಸ್ ಅಷ್ಟು ಗಾಢವಾಗಿ ಕಾಣುವುದು ಇದರಿಂದಲೇ. ರಿಗಿಗೆ ಬೆಳಿಗ್ಗೆಯೇ ಹೋಗಿ ಪಶ್ಚಿಮದ ಲುಸೆರ್ನ್ ಕಡೆಗೆ ನೋಡುವುದು ಉತ್ತಮ. ಹೆಚ್ಚಿನ ಬೆಟ್ಟದ ರೈಲುಗಳು ಶಿಖರದ ನೇರ ಚಿತ್ರಗಳನ್ನು ಅಂತರ್ಜಾಲದಲ್ಲಿ ತೋರಿಸುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿಕೊಂಡಿದ್ದರೆ ನಿಮ್ಮ ನವೆಂಬರಿನ ದುಡ್ಡು ಉಳಿಯುತ್ತಿತ್ತು.

ಪ್ರಶ್ನೆ: ಪಕ್ಕಪಕ್ಕದಲ್ಲೇ ಇದ್ದರೂ ಬ್ರಿಯೆಂಟ್ಸ್ ಸರೋವರ ಹಸಿರುನೀಲಿ, ಟೂನ್ ಸರೋವರ ಕಡುನೀಲಿ ಏಕೆ?
– ಮಂಗಳೂರಿನ ವಿದ್ಯಾರ್ಥಿನಿ

ಉತ್ತರ: ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನಯವಾದ ಹುಡಿಯನ್ನು ಆರೆ ಮತ್ತು ಲ್ಯೂಟ್ಶಿನೆ ನದಿಗಳು ಮೊದಲು ಬ್ರಿಯೆಂಟ್ಸ್‌ಗೆ ತರುತ್ತವೆ. ನೀರಿನಲ್ಲಿ ತೇಲುವ ಆ ಕಣಗಳು ಬೆಳಕನ್ನು ಚದುರಿಸುವುದರಿಂದ ಆ ಬಣ್ಣ ಬರುತ್ತದೆ. ಹುಡಿಯ ಬಹುಪಾಲು ಅಲ್ಲೇ ತಂಗುವುದರಿಂದ ಮುಂದಿನ ಟೂನ್‌ಗೆ ಹರಿಯುವ ನೀರು ಹೆಚ್ಚು ತಿಳಿಯಾಗಿರುತ್ತದೆ. ಇವೆರಡೂ ಹಿಂದೆ ಒಂದೇ ಸರೋವರವಾಗಿದ್ದವು. ಲ್ಯೂಟ್ಶಿನೆ ಮತ್ತು ಲೊಂಬಾಖ್ ಹೊಳೆಗಳು ಎರಡು ಬದಿಯಿಂದ ತಂದು ಸುರಿದ ಮಣ್ಣು ಕಲ್ಲು ನಡುವೆ ನೆಲವಾಯಿತು, ಇಂದಿನ ಇಂಟರ್‌ಲಾಕನ್ ಇರುವುದು ಆ ನೆಲದ ಮೇಲೆ.

ಪ್ರಶ್ನೆ: ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಊಟ, ಕುಡಿಯಲು ನೀರು ಸಿಗುತ್ತದೆಯೇ?
– ಮೈಸೂರಿನ ಓದುಗರು

ಉತ್ತರ: ಸಿಗುತ್ತದೆ. ಆಲೂಗಡ್ಡೆಯ ರೋಷ್ಟಿ ಅಥವಾ ಮ್ಯಾಕರೋನಿ, ಆಲೂಗಡ್ಡೆ, ಚೀಸ್ ಬೆರೆಸಿ ಸೇಬಿನ ಗೊಜ್ಜಿನೊಂದಿಗೆ ಕೊಡುವ ಎಲ್ಪ್ಲರ್‌ಮಾಗ್ರೋನೆನ್ ಕೇಳಿ. ಎರಡರಲ್ಲೂ ಹಂದಿಮಾಂಸದ ಚೂರು ಸೇರಿಸುವುದುಂಟು, ಅದು ಬೇಡವೆಂದು ಮೊದಲೇ ಹೇಳಬೇಕು. ಅಲ್ಲಿನ ಅನೇಕ ಚೀಸ್‌ಗಳಿಗೆ ಕರುವಿನ ಜಠರದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಸರಿ. ಅದನ್ನು ಹೋಟೆಲಿನ ಮೇಜಿನ ಮೇಲೆ ಬಿಚ್ಚಬೇಡಿ, ದಾರಿಬದಿಯ ಬೆಂಚುಗಳಿವೆ. ಮರದ ತೊಟ್ಟಿಗೆ ಸದಾ ಬೀಳುವ ನೀರನ್ನು ಕುಡಿಯಬಹುದು, ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕವಿದ್ದರೆ ಮಾತ್ರ ಕುಡಿಯಬಾರದು. ಏಣಿನ ಮೇಲಿನ ದಾರಿಗಳಲ್ಲಿ ತೊಟ್ಟಿಗಳೂ ಇರುವುದಿಲ್ಲವಾದ್ದರಿಂದ ಕೆಳಗಿನಿಂದಲೇ ತಲಾ ಎರಡು ಲೀಟರ್ ನೀರು ಒಯ್ಯಿರಿ.